ಕಳುಹಿಸಿದವರ ವಿಳಾಸ ಸಾಚಾ ಹೌದೇ? ಮೇಲ್ ಸರ್ವರ್‌ನ ಬಾಗಿಲಲ್ಲೇ ಪರೀಕ್ಷಿಸುವ ಬಗೆ

ಸ್ಪ್ಯಾಮ್ ಕಳುಹಿಸುವವರು ತಮ್ಮ ಸ್ವಂತ ವಿಳಾಸವನ್ನು ಬರೆಯುವುದು ಅಪರೂಪ. ಒಂದೋ ಎಲ್ಲೂ ಇಲ್ಲದ ವಿಳಾಸವನ್ನು ಕಟ್ಟಿ ಬರೆಯುತ್ತಾರೆ, ಇಲ್ಲವೇ ಯಾರೋ ಪಾಪದವರ ವಿಳಾಸವನ್ನು ಕದ್ದು ಬರೆಯುತ್ತಾರೆ. ಕಟ್ಟಿದ ವಿಳಾಸವನ್ನು ಹಿಡಿಯಲು ‘ಈ ವಿಳಾಸ ಇದೆಯೇ?’ ಎಂದು ವಿಚಾರಿಸಬೇಕು. ಕದ್ದ ವಿಳಾಸವನ್ನು ಹಿಡಿಯಲು ‘ಇದನ್ನು ಆ ವಿಳಾಸದವರೇ ಕಳುಹಿಸಿದರೇ?’ ಎಂದು ವಿಚಾರಿಸಬೇಕು. ಮೊದಲ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದ ಮಾತ್ರಕ್ಕೆ ಎರಡನೆಯದಕ್ಕೂ ‘ಹೌದು’ ಎಂದಾಗುವುದಿಲ್ಲ. ಮೇಲ್ ಸರ್ವರ್ ನೋಡಿಕೊಳ್ಳುವ ಹಲವರು ಎಡವುವುದು ಇಲ್ಲಿಯೇ. ನಾನೂ ಎಡವಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ.

ಈ ಬರಹ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶ ಬಳಸುವವರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಅಂಥದ್ದೇ ಇನ್ನೊಂದು ತಂತ್ರಾಂಶವಾದ ಎಕ್ಸಿಮ್ ಬಳಸುವವರಿಗೂ ಒಂದು ಭಾಗವಿದೆ. ಸೆಟ್ಟಿಂಗ್‌ಗಳ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ಫೈಲಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಪದಗಳ ನಡುವೆ ಅಡಿಗೆರೆ ಹಾಕಿ ಬರೆಯಬೇಕು.

ಲಕೋಟೆ ಬೇರೆ, ಕಾಗದ ಬೇರೆ

ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿ ಆರ್‌ಎಫ್‌ಸಿ 821 ಎಂಬ ಹೆಸರಿನಲ್ಲಿ ಬಂದದ್ದು 1982ರಲ್ಲಿ (ಆರ್‌ಎಫ್‌ಸಿ ಎಂದರೆ ಅಂತರ್ಜಾಲದ ನಿಯಮಗಳನ್ನು ಪ್ರಕಟಿಸುವ ದಾಖಲೆಗಳ ಸರಣಿ). ಆಗ ಜಾಲದಲ್ಲಿದ್ದವರು ಕೆಲವೇ ಸಂಸ್ಥೆಗಳವರು. ಕಳುಹಿಸುವವನು ‘ನಾನು ಇಂಥವನು’ ಎಂದರೆ ಸರ್ವರ್ ಅದನ್ನು ಹಾಗೆಯೇ ಒಪ್ಪಿಕೊಳ್ಳುತ್ತಿತ್ತು. ನಿಯಮಾವಳಿ 2008ರಲ್ಲಿ ಆರ್‌ಎಫ್‌ಸಿ 5321 ಆಗಿ ಪರಿಷ್ಕಾರಗೊಂಡಿತು, ಆದರೆ ಆ ನಂಬಿಕೆಯ ಅಡಿಪಾಯ ಇವತ್ತಿಗೂ ಹಾಗೆಯೇ ಇದೆ.

ಒಂದೊಂದು ಸಂದೇಶದಲ್ಲೂ ಕಳುಹಿಸಿದವರ ವಿಳಾಸ ಎರಡು ಕಡೆ ಇರುತ್ತದೆ. ಸರ್ವರ್‌ಗಳು ಮಾತಾಡಿಕೊಳ್ಳುವಾಗ ‘ಮೇಲ್ ಫ್ರಮ್’ ಎಂಬ ಆದೇಶದಲ್ಲಿ ಬರುವುದು ಒಂದು, ಇದು ಲಕೋಟೆಯ ಮೇಲಿನ ವಿಳಾಸ. ಓದುಗರ ಪರದೆಯ ಮೇಲೆ ‘ಫ್ರಮ್’ ಎಂದು ಕಾಣುವುದು ಇನ್ನೊಂದು, ಇದು ಕಾಗದದ ತಲೆಯಲ್ಲಿ ಬರೆದುಕೊಂಡ ವಿಳಾಸ. ಇವೆರಡೂ ಒಂದೇ ಆಗಿರಬೇಕೆಂಬ ಕಟ್ಟಳೆ ಇಲ್ಲ. ಸುದ್ದಿಪತ್ರ ಕಳುಹಿಸುವ ಸೇವೆಗಳಲ್ಲಿ ಇವು ಬೇರೆ ಬೇರೆಯಾಗಿರುವುದು ಸಾಮಾನ್ಯ, ಅದರಲ್ಲಿ ಮೋಸವೇನೂ ಇಲ್ಲ. ಮುಂದಿನ ಒಂದೊಂದು ಹೆಜ್ಜೆಯಲ್ಲೂ ‘ಇದು ಪರೀಕ್ಷಿಸುವುದು ಲಕೋಟೆಯನ್ನೋ ಕಾಗದವನ್ನೋ?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲಿಗೇ ಕರಗುತ್ತದೆ.

ಲಕೋಟೆಯ ವಿಳಾಸ ಖಾಲಿಯಾಗಿಯೂ ಇರಬಹುದು. ತಲುಪದ ಸಂದೇಶದ ಬಗ್ಗೆ ವರದಿ ಬರುವಾಗ, ಎಂದರೆ ಬೌನ್ಸ್ ಬರುವಾಗ, ಕಳುಹಿಸಿದವರ ಜಾಗದಲ್ಲಿ ಬರೀ ಎರಡು ಕೋನಾವರಣಗಳಿರುತ್ತವೆ: <>. ಬೌನ್ಸ್‌ಗೆ ಮತ್ತೆ ಬೌನ್ಸ್ ಹುಟ್ಟಿ ಎರಡು ಸರ್ವರ್‌ಗಳು ಕೊನೆಯಿಲ್ಲದೆ ಎರಚಾಡಿಕೊಳ್ಳದಿರಲಿ ಎಂದು ಮಾಡಿದ ಏರ್ಪಾಟು ಇದು. ಖಾಲಿ ವಿಳಾಸದಿಂದ ಬಂದದ್ದನ್ನೆಲ್ಲ ತಳ್ಳಿಹಾಕುವ ನಿಯಮವನ್ನು ಎಂದಿಗೂ ಬರೆಯಬೇಡಿ. ಬರೆದರೆ ನಿಮ್ಮ ಬಳಕೆದಾರರು ಕಳುಹಿಸಿದ ಸಂದೇಶ ತಲುಪದೇ ಹೋದಾಗ ಆ ವಿಷಯವೇ ಅವರಿಗೆ ತಿಳಿಯುವುದಿಲ್ಲ.

ಹೆಜ್ಜೆ 1: ಏನನ್ನೂ ಮುಟ್ಟದೆ ಒಂದು ವಾರ ಲಾಗ್ ಓದಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನಿಮಗೆ ಬರುವ ಕಸದಲ್ಲಿ ಹೆಚ್ಚಿನದು ಯಾವ ಬಗೆಯದು ಎಂದು ತಿಳಿಯದೆ ನಿಯಮ ಬರೆದರೆ ಹೊಟ್ಟಿನ ಜೊತೆ ಕಾಳನ್ನೂ ತೂರಿಬಿಡುತ್ತೀರಿ. ಲಕೋಟೆಯ ವಿಳಾಸಗಳನ್ನು ಲಾಗ್‌ನಿಂದ, ಎಂದರೆ ಸರ್ವರ್ ಬರೆದಿಡುವ ದಿನಚರಿಯಿಂದ ಹೆಕ್ಕಿ, ಡೊಮೇನ್‌ವಾರು (ವಿಳಾಸದಲ್ಲಿ @ ನಂತರ ಬರುವ ಹೆಸರಿನ ಪ್ರಕಾರ) ಎಣಿಸಿ. ಇಲ್ಲದ ಡೊಮೇನ್‌ಗಳು ಎಷ್ಟು, ನಿಮ್ಮದೇ ಡೊಮೇನ್ ಹೆಸರು ಹೊತ್ತು ಹೊರಗಿನಿಂದ ಬಂದವು ಎಷ್ಟು, ಹೆಸರಾಂತ ಸೇವೆಗಳ ಹೆಸರಿನಲ್ಲಿ ಬಂದ ನಕಲಿಗಳು ಎಷ್ಟು ಎಂದು ನೋಡಿ. ಈ ಎಣಿಕೆಯೇ ಮುಂದಿನ ಯಾವ ಹೆಜ್ಜೆಗೆ ಎಷ್ಟು ಶ್ರಮ ಹಾಕಬೇಕೆಂದು ಹೇಳುತ್ತದೆ.

ಜೊತೆಗೆ ಪೋಸ್ಟ್‌ಫಿಕ್ಸ್‌ನ ಸೆಟ್ಟಿಂಗ್‌ಗಳಿರುವ ‘ಮೇನ್ ಡಾಟ್ ಸಿಎಫ್’ ಫೈಲಿನ ಒಂದು ಪ್ರತಿಯನ್ನು ತೆಗೆದಿಡಿ. ‘ಪೋಸ್ಟ್‌ಕಾನ್ಫ್ -ಎನ್’ ಆದೇಶ ಕೊಟ್ಟರೆ ಆ ಫೈಲಿನಲ್ಲಿ ಬರೆದಿಟ್ಟಿರುವ ಸೆಟ್ಟಿಂಗ್‌ಗಳ ಪಟ್ಟಿ ಸಿಗುತ್ತದೆ. ಅದನ್ನೂ ಉಳಿಸಿಡಿ. ಪ್ರಯೋಗದ ದಿನಗಳಲ್ಲಿ ‘ಸಾಫ್ಟ್ ಬೌನ್ಸ್’ ಅನ್ನು ‘ಯೆಸ್’ ಮಾಡಿಟ್ಟರೆ, ನಿಮ್ಮ ಸರ್ವರ್ ಕೊಡುವ 5ರಿಂದ ಶುರುವಾಗುವ ಶಾಶ್ವತ ನಿರಾಕರಣೆಗಳು 4ರಿಂದ ಶುರುವಾಗುವ ತಾತ್ಕಾಲಿಕ ನಿರಾಕರಣೆಗಳಾಗುತ್ತವೆ. ತಪ್ಪಾಗಿ ತಡೆದ ಸಂದೇಶವನ್ನು ಎದುರಿನ ಸರ್ವರ್ ತನ್ನ ಸಾಲಿನಲ್ಲಿ ಇಟ್ಟುಕೊಂಡು ಮತ್ತೆ ಕಳುಹಿಸುತ್ತದೆ, ನಿಮಗೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲು ಮರೆಯಬೇಡಿ.

ಹೆಜ್ಜೆ 2: ಮೊದಲು ನಿಮ್ಮ ಮನೆಯ ಹೆಸರು

ನಿಮ್ಮ ಡೊಮೇನ್‌ನಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದು ನಿಮ್ಮ ಸರ್ವರ್‌ಗೆ ಚೆನ್ನಾಗಿ ಗೊತ್ತು. ಹೀಗಿರುವಾಗ ನಿಮ್ಮದೇ ಡೊಮೇನಿನ ಇಲ್ಲದ ಹೆಸರೊಂದನ್ನು ಹೇಳಿಕೊಂಡು ಬಂದವನನ್ನು ಒಳಗೆ ಬಿಡಲು ಕಾರಣವೇ ಇಲ್ಲ. ‘ಎಸ್‌ಎಂಟಿಪಿಡಿ ರಿಜೆಕ್ಟ್ ಅನ್‌ಲಿಸ್ಟೆಡ್ ಸೆಂಡರ್’ ಅನ್ನು ‘ಯೆಸ್’ ಮಾಡಿದರೆ ಸಾಕು. ಹೊರಗಿನ ಯಾರನ್ನೂ ಕೇಳಬೇಕಾಗಿಲ್ಲ.

ಒಳಗಿನವರ ಕಡೆಗೂ ಒಂದು ಕಣ್ಣಿರಲಿ. ಯಾರದೋ ಪಾಸ್‌ವರ್ಡ್ ಕಳವಾದರೆ ಕಳ್ಳ ಆ ಖಾತೆಯಿಂದ ಲಾಗಿನ್ ಆಗಿ ಬೇರೆ ಬೇರೆ ಹೆಸರುಗಳಲ್ಲಿ ಸಂದೇಶ ಸುರಿಯುತ್ತಾನೆ. ಯಾವ ಲಾಗಿನ್‌ಗೆ ಯಾವ ವಿಳಾಸಗಳನ್ನು ಬಳಸುವ ಹಕ್ಕಿದೆ ಎಂಬ ಕೋಷ್ಟಕವನ್ನು ‘ಎಸ್‌ಎಂಟಿಪಿಡಿ ಸೆಂಡರ್ ಲಾಗಿನ್ ಮ್ಯಾಪ್ಸ್’ನಲ್ಲಿ ತೋರಿಸಿ, ‘ರಿಜೆಕ್ಟ್ ಅಥೆಂಟಿಕೇಟೆಡ್ ಸೆಂಡರ್ ಲಾಗಿನ್ ಮಿಸ್‌ಮ್ಯಾಚ್’ ನಿಯಮವನ್ನು ಮುಂದಿನ ಹೆಜ್ಜೆಯಲ್ಲಿ ಬರುವ ‘ಎಸ್‌ಎಂಟಿಪಿಡಿ ಸೆಂಡರ್ ರಿಸ್ಟ್ರಿಕ್ಷನ್ಸ್’ ಪಟ್ಟಿಗೆ ಸೇರಿಸಿ. ಲಾಗಿನ್ ಆದವರಿಗೆ ದಾರಿ ಬಿಡುವ ನಿಯಮಕ್ಕಿಂತ ಮೊದಲೇ ಇದು ಬರಬೇಕು. ಪೋಸ್ಟ್‌ಫಿಕ್ಸ್ ನಿಯಮಗಳನ್ನು ಎಡದಿಂದ ಬಲಕ್ಕೆ ಓದುತ್ತಾ, ಆ ಪಟ್ಟಿಯಲ್ಲಿ ಮೊದಲು ಸಿಕ್ಕ ತೀರ್ಪಿನಲ್ಲೇ ನಿಲ್ಲುತ್ತದೆ. ಇತರರಿಗೆ ಬರುವ ಸ್ಪ್ಯಾಮ್ ನಮ್ಮ ಮನೆಯಿಂದ ಹೋಗದಂತೆ ನೋಡಿಕೊಳ್ಳುವುದೂ ಇದೇ ಕೆಲಸದ ಭಾಗ.

ಹೆಜ್ಜೆ 3: ಡೊಮೇನ್ ಇದೆಯೇ?

‘ಎಸ್‌ಎಂಟಿಪಿಡಿ ಸೆಂಡರ್ ರಿಸ್ಟ್ರಿಕ್ಷನ್ಸ್’ ಪಟ್ಟಿಯಲ್ಲಿ ನಿಮ್ಮ ಸ್ವಂತ ಜಾಲದವರಿಗೂ ಲಾಗಿನ್ ಆದವರಿಗೂ ಅನುಮತಿ ಕೊಟ್ಟ ನಂತರ ಎರಡು ನಿಯಮಗಳನ್ನು ಸೇರಿಸಿ. ‘ರಿಜೆಕ್ಟ್ ನಾನ್ ಎಫ್‌ಕ್ಯೂಡಿಎನ್ ಸೆಂಡರ್’ ಎಂಬುದು ಪೂರ್ಣ ಡೊಮೇನ್ ಹೆಸರಿಲ್ಲದ ವಿಳಾಸಗಳನ್ನು ತಡೆಯುತ್ತದೆ. ‘ರಿಜೆಕ್ಟ್ ಅನ್‌ನೋನ್ ಸೆಂಡರ್ ಡೊಮೇನ್’ ಎಂಬುದು ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರುಗಳ ವಿವರ ಕೊಡುವ ಜಾಲದ ವ್ಯವಸ್ಥೆಯಲ್ಲಿ) ಎಂಎಕ್ಸ್ ದಾಖಲೆಯಾಗಲಿ (ಆ ಡೊಮೇನಿನ ಇಮೇಲ್ ಪಡೆಯುವ ಸರ್ವರ್ ಯಾವುದೆಂದು ಹೇಳುವ ದಾಖಲೆ) ಐಪಿ ವಿಳಾಸದ ದಾಖಲೆಯಾಗಲಿ ಇಲ್ಲದ ಡೊಮೇನ್‌ಗಳನ್ನು ತಡೆಯುತ್ತದೆ. ಉತ್ತರ ಬರೆದರೆ ತಲುಪಿಸಲು ದಾರಿಯೇ ಇಲ್ಲದ ವಿಳಾಸದಿಂದ ಬಂದ ಸಂದೇಶ ನಮಗೇಕೆ ಬೇಕು, ಅಷ್ಟೇ ತರ್ಕ.

ಈ ಪರೀಕ್ಷೆಗೆ ಬೇಕಾದುದು ಒಂದೆರಡು ಡಿಎನ್‌ಎಸ್ ಪ್ರಶ್ನೆಗಳು ಮಾತ್ರ. ಡಿಎನ್‌ಎಸ್ ತಾನೇ ಉತ್ತರ ಕೊಡದೆ ಕೈಕೊಟ್ಟ ಗಳಿಗೆಯಲ್ಲಿ ಪೋಸ್ಟ್‌ಫಿಕ್ಸ್ 450 ಎಂಬ ತಾತ್ಕಾಲಿಕ ಉತ್ತರ ಕೊಡುತ್ತದೆಯಾದ್ದರಿಂದ ಒಳ್ಳೆಯ ಸಂದೇಶ ಕಳೆದುಹೋಗುವುದಿಲ್ಲ, ತಡವಾಗುತ್ತದೆ ಅಷ್ಟೇ. ಸರ್ವರ್‌ನ ಪಕ್ಕದಲ್ಲೇ ಡಿಎನ್‌ಎಸ್ ಉತ್ತರಗಳನ್ನು ನೆನಪಿಟ್ಟುಕೊಳ್ಳುವ ಸ್ವಂತ ರಿಸಾಲ್ವರ್ ಒಂದನ್ನು ಓಡಿಸಿ, ಆ ತಡವೂ ಕಡಿಮೆಯಾಗುತ್ತದೆ.

ನಿಮ್ಮ ಬಳಿ ಇಮೇಲ್‌ಗೆ ಬಳಸದ ಡೊಮೇನ್‌ಗಳಿದ್ದರೆ ಬೇರೆಯವರಿಗೊಂದು ಉಪಕಾರ ಮಾಡಬಹುದು. 2015ರ ಆರ್‌ಎಫ್‌ಸಿ 7505 ‘ನಲ್ ಎಂಎಕ್ಸ್’ ಎಂಬ ದಾಖಲೆಯನ್ನು ವಿವರಿಸುತ್ತದೆ. ಆದ್ಯತೆ 0, ಸರ್ವರ್ ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕಿ. ‘ಈ ಡೊಮೇನ್ ಇಮೇಲ್ ಸ್ವೀಕರಿಸುವುದಿಲ್ಲ’ ಎಂದು ಅದರ ಅರ್ಥ. ಪೋಸ್ಟ್‌ಫಿಕ್ಸ್‌ನ ಈಗಿನ ಆವೃತ್ತಿಗಳು ಅದನ್ನು ಓದಿ ಅಂಥ ಡೊಮೇನ್ ಹೆಸರಿನ ನಕಲಿಗಳನ್ನು ತಳ್ಳಿಹಾಕುತ್ತವೆ.

ಹೆಜ್ಜೆ 4: ಅವರೇ ಕಳುಹಿಸಿದರೇ?

ಎರಡನೆಯ ಪ್ರಶ್ನೆಗೆ ಉತ್ತರ ಕೊಡುವ ಸಾಧನಗಳು ಮೂರು. ಇವುಗಳ ಬಗ್ಗೆ ಬೇಕಾದಷ್ಟು ಬರಹಗಳಿರುವುದರಿಂದ ಇಲ್ಲಿ ಕೆಲಸಕ್ಕೆ ಬೇಕಾದಷ್ಟನ್ನೇ ಹೇಳುತ್ತೇನೆ.

ಎಸ್‌ಪಿಎಫ್ ಎಂದರೆ ‘ನನ್ನ ಹೆಸರಿನಲ್ಲಿ ಸಂದೇಶ ಕಳುಹಿಸಬಹುದಾದ ಸರ್ವರ್‌ಗಳು ಇವು’ ಎಂದು ಡೊಮೇನಿನ ಒಡೆಯರು ಡಿಎನ್‌ಎಸ್‌ನಲ್ಲಿ ಬರೆದಿಡುವ ಪಟ್ಟಿ. ಇದರ ಈಗಿನ ರೂಪ 2014ರ ಆರ್‌ಎಫ್‌ಸಿ 7208. ಇದು ಪರೀಕ್ಷಿಸುವುದು ಲಕೋಟೆಯನ್ನು. ಪಟ್ಟಿಯ ಕೊನೆಯಲ್ಲಿ ‘-ಆಲ್’ ಇದ್ದರೆ ಉಳಿದವರೆಲ್ಲ ನಕಲಿ ಎಂದು ಒಡೆಯರೇ ಖಚಿತವಾಗಿ ಹೇಳಿದಂತೆ. ‘~ಆಲ್’ ಇದ್ದರೆ ಅನುಮಾನ ಮಾತ್ರ. ಅನುಮಾನವಿದ್ದ ಮಾತ್ರಕ್ಕೆ ಸಂದೇಶವನ್ನು ತಳ್ಳಿಹಾಕಬೇಡಿ, ಸ್ಪ್ಯಾಮ್ ಅಂಕಕ್ಕೆ ಸೇರಿಸಿಕೊಳ್ಳಿ. ಒಬ್ಬರ ಸಂದೇಶವನ್ನು ಇನ್ನೊಂದು ಸರ್ವರ್ ಮುಂದಕ್ಕೆ ಕಳುಹಿಸಿದಾಗ ಎಸ್‌ಪಿಎಫ್ ಮುರಿಯುವುದು ಮಾಮೂಲು, ಅದು ಕಳುಹಿಸಿದವರ ತಪ್ಪಲ್ಲ. ನಿಮ್ಮದೇ ಎಸ್‌ಪಿಎಫ್ ಬರೆಯುವಾಗ ಒಂದು ಮಿತಿ ನೆನಪಿರಲಿ: ಪರಿಶೀಲನೆಗೆ 10ಕ್ಕಿಂತ ಹೆಚ್ಚು ಡಿಎನ್‌ಎಸ್ ಹುಡುಕಾಟಗಳು ಬೇಕಾದರೆ ಇಡೀ ದಾಖಲೆ ದೋಷವೆಂದು ಪರಿಗಣಿತವಾಗುತ್ತದೆ. ಒಂದೊಂದು ಹೊಸ ಸೇವೆ ಸೇರಿಸುವಾಗಲೂ ಆ ಸೇವೆಯ ಪಟ್ಟಿಯನ್ನು ನಿಮ್ಮದಕ್ಕೆ ಕೂಡಿಸುವ ‘ಇನ್‌ಕ್ಲೂಡ್’ಗಳು ಬೆಳೆಯುತ್ತಾ ಹೋಗಿ, ಯಾರ ಗಮನಕ್ಕೂ ಬಾರದಂತೆ ಈ ಮಿತಿ ದಾಟುತ್ತದೆ.

ಡಿಕಿಮ್ ಎಂದರೆ ಕಳುಹಿಸುವ ಸರ್ವರ್ ಸಂದೇಶಕ್ಕೆ ಹಾಕುವ ಡಿಜಿಟಲ್ ಸಹಿ. ಡಿಮಾರ್ಕ್ ಎಂಬುದು ಈ ಎರಡನ್ನೂ ಓದುಗರಿಗೆ ಕಾಣುವ ‘ಫ್ರಮ್’ ವಿಳಾಸಕ್ಕೆ ಕಟ್ಟಿಹಾಕುತ್ತದೆ. ಎಸ್‌ಪಿಎಫ್ ಅಥವಾ ಡಿಕಿಮ್‌ನಲ್ಲಿ ಒಂದಾದರೂ ಪಾಸಾಗಿ, ಪಾಸಾದ ಡೊಮೇನ್ ಕಾಗದದ ಮೇಲಿನ ಡೊಮೇನ್‌ಗೆ ಹೊಂದಬೇಕು. ಹೊಂದದಿದ್ದರೆ ಏನು ಮಾಡಬೇಕೆಂದು ಒಡೆಯರೇ ಹೇಳಿರುತ್ತಾರೆ: ‘ನನ್’ ಎಂದರೆ ಸುಮ್ಮನಿರಿ, ‘ಕ್ವಾರಂಟೈನ್’ ಎಂದರೆ ಪಕ್ಕಕ್ಕಿಡಿ, ‘ರಿಜೆಕ್ಟ್’ ಎಂದರೆ ತಳ್ಳಿಹಾಕಿ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಸಂದೇಶ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿವೆ. ಗೂಗಲ್ ಲೆಕ್ಕದಲ್ಲಿ ದೊಡ್ಡ ಪ್ರಮಾಣವೆಂದರೆ ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000 ಸಂದೇಶ.

ಪೋಸ್ಟ್‌ಫಿಕ್ಸ್ ಜೊತೆಗೆ ಈ ಮೂರೂ ಪರೀಕ್ಷೆಗಳನ್ನು ಒಂದೇ ಕಡೆ ಮಾಡಬೇಕಾದರೆ ಆರ್‌ಸ್ಪ್ಯಾಮ್‌ಡಿ ಎಂಬ ಸ್ಪ್ಯಾಮ್ ಸೋಸುವ ತಂತ್ರಾಂಶ ಸಾಕು. ಬಿಡಿ ಬಿಡಿಯಾಗಿ ಬೇಕೆನ್ನುವವರು ಓಪನ್‌ಡಿಕಿಮ್, ಓಪನ್‌ಡಿಮಾರ್ಕ್ ಮತ್ತು ಎಸ್‌ಪಿಎಫ್‌ಗೆ ಒಂದು ಪಾಲಿಸಿ ಸರ್ವರ್ ಜೋಡಿಸಿಕೊಳ್ಳಬಹುದು. ಹೊಸದಾಗಿ ಕಟ್ಟುವವರಿಗೆ ನನ್ನ ಸಲಹೆ ಮೊದಲನೆಯದು. ಬಿಡಿಭಾಗಗಳು ಕಡಿಮೆಯಾದಷ್ಟೂ ನಡುರಾತ್ರಿ ಹುಡುಕಬೇಕಾದ ಜಾಗಗಳೂ ಕಡಿಮೆ.

ಹೆಜ್ಜೆ 5: ಎದುರಿನ ಸರ್ವರ್ ಅನ್ನೇ ಕೇಳುವುದು

ಹೆಚ್ಚಿನವರು ‘ಕಳುಹಿಸಿದವರ ವಿಳಾಸ ಪರಿಶೀಲನೆ’ ಎಂದಾಗ ಮನಸ್ಸಿನಲ್ಲಿಟ್ಟುಕೊಂಡಿರುವುದು ಇದನ್ನೇ. ಎಕ್ಸಿಮ್ ಬಳಗದಲ್ಲಿ ಇದಕ್ಕೆ ಕಾಲ್‌ಔಟ್ ಎನ್ನುತ್ತಾರೆ, ಪೋಸ್ಟ್‌ಫಿಕ್ಸ್‌ನಲ್ಲಿ ಪ್ರೋಬ್ ಎನ್ನುತ್ತಾರೆ. ಸಂದೇಶ ಬಾಗಿಲಿಗೆ ಬಂದಾಗ ನಮ್ಮ ಸರ್ವರ್ ಅದನ್ನು ಅಲ್ಲೇ ನಿಲ್ಲಿಸಿ, ಕಳುಹಿಸಿದವರೆಂದು ಹೇಳಿಕೊಂಡ ಡೊಮೇನಿನ ಸರ್ವರ್‌ಗೆ ತಾನೇ ಹೋಗಿ ‘ಈ ಹೆಸರಿನವರು ನಿಮ್ಮಲ್ಲಿದ್ದಾರೆಯೇ?’ ಎಂದು ಕೇಳುತ್ತದೆ. ಮಾತುಕತೆ ಹೀಗಿರುತ್ತದೆ (250 ಎಂದರೆ ಒಪ್ಪಿಗೆ, 550 ಎಂದರೆ ನಿರಾಕರಣೆ, ‘ಆರ್‌ಸಿಪಿಟಿ ಟು’ ಎಂದರೆ ಪಡೆಯುವವರ ವಿಳಾಸ ಹೇಳುವ ಆದೇಶ):

ಎದುರಿನ ಸರ್ವರ್: 220 ಮೇಲ್.ಎಕ್ಸಾಂಪಲ್.ನೆಟ್
ನಮ್ಮ ಸರ್ವರ್: ಇಹೆಲೋ ಮೇಲ್.ಎಕ್ಸಾಂಪಲ್.ಕಾಮ್
ಎದುರಿನ ಸರ್ವರ್: 250 ಸರಿ
ನಮ್ಮ ಸರ್ವರ್: ಮೇಲ್ ಫ್ರಮ್:<>
ಎದುರಿನ ಸರ್ವರ್: 250 ಸರಿ
ನಮ್ಮ ಸರ್ವರ್: ಆರ್‌ಸಿಪಿಟಿ ಟು:<ಬಹುಮಾನ77@ಎಕ್ಸಾಂಪಲ್.ನೆಟ್>
ಎದುರಿನ ಸರ್ವರ್: 550 5.1.1 ಅಂಥ ಬಳಕೆದಾರರಿಲ್ಲ
ನಮ್ಮ ಸರ್ವರ್: ಕ್ವಿಟ್

ಸಂದೇಶದ ಒಡಲನ್ನು ಕಳುಹಿಸುವ ‘ಡೇಟಾ’ ಆದೇಶದವರೆಗೆ ಮಾತು ಹೋಗುವುದೇ ಇಲ್ಲ. ಹಾಗಾಗಿ ಯಾರ ಪೆಟ್ಟಿಗೆಗೂ ಏನೂ ಬೀಳುವುದಿಲ್ಲ. ಬಂದ 550 ಉತ್ತರವನ್ನು ನಂಬಿ ನಮ್ಮ ಸರ್ವರ್ ಬಾಗಿಲಲ್ಲಿ ನಿಂತ ಸಂದೇಶವನ್ನು ವಾಪಸು ಕಳುಹಿಸುತ್ತದೆ.

ಕೇಳಲು ಬಲು ಚೆನ್ನಾಗಿದೆ. ನಾನು ಇದನ್ನು ಮೊದಲ ಸಲ ಕಂಡಾಗ ಸ್ಪ್ಯಾಮ್‌ಗೆ ಮದ್ದು ಸಿಕ್ಕಿತೆಂದೇ ತಿಳಿದು, ಬರುವ ಎಲ್ಲ ಸಂದೇಶಗಳಿಗೂ ಒಂದೇ ಸಲಕ್ಕೆ ಹಚ್ಚಿಬಿಟ್ಟೆ. ಮರುದಿನ ಬೆಳಿಗ್ಗೆ ಸಹೋದ್ಯೋಗಿಯೊಬ್ಬರು ಬಂದು, ಒಂದು ಆನ್‌ಲೈನ್ ಸೇವೆಯ ಪಾಸ್‌ವರ್ಡ್ ಬದಲಾಯಿಸುವ ಸಂದೇಶ ಎಷ್ಟು ಸಲ ಕೇಳಿದರೂ ಬರುತ್ತಿಲ್ಲ ಎಂದರು. ಲಾಗ್ ತೆಗೆದು ನೋಡಿದೆ. ಆ ಸೇವೆ ಕಳುಹಿಸುತ್ತಿದ್ದದ್ದು ಉತ್ತರ ಸ್ವೀಕರಿಸದ ‘ನೋ-ರಿಪ್ಲೈ’ ವಿಳಾಸದಿಂದ, ಅವರ ಸರ್ವರ್‌ನಲ್ಲಿ ಆ ಹೆಸರಿನ ಪೆಟ್ಟಿಗೆಯೇ ಇರಲಿಲ್ಲ. ಅವರು ಹಾಗೆ ಮಾಡಬಾರದಿತ್ತು, ನಿಜ. ಆದರೆ ಸಂದೇಶ ಸಾಚಾ ಆಗಿತ್ತು, ಅದನ್ನು ಕೇಳಿದ್ದು ನಮ್ಮವರೇ, ತಡೆದದ್ದು ನಾನು. ಅಂದಿನಿಂದ ಈ ಹೆಜ್ಜೆಯನ್ನು ನಾನು ಬೇರೆಯೇ ಬಗೆಯಲ್ಲಿ ಇಡುತ್ತೇನೆ.

ಎಲ್ಲ ಸಂದೇಶಗಳಿಗೂ ಇದನ್ನು ಹಚ್ಚಬಾರದೆನ್ನಲು ಇನ್ನೂ ಗಟ್ಟಿಯಾದ ಕಾರಣಗಳಿವೆ. ಸ್ಪ್ಯಾಮ್ ಕಳುಹಿಸುವವನು ನಿಮ್ಮ ಡೊಮೇನಿನ ಹೆಸರು ಕದ್ದು ಲಕ್ಷಾಂತರ ಸಂದೇಶ ಹರಿಯಬಿಟ್ಟ ಎಂದುಕೊಳ್ಳಿ. ಅವನ್ನು ಪಡೆದ ಒಂದೊಂದು ಸರ್ವರ್ ಕೂಡ ವಿಚಾರಿಸಲು ನಿಮ್ಮ ಬಾಗಿಲಿಗೇ ಬರುತ್ತದೆ. ನೀವು ಯಾರಿಗೂ ಏನೂ ಕಳುಹಿಸಿಲ್ಲ, ಆದರೂ ಸಾವಿರಾರು ಸಂಪರ್ಕಗಳ ಭಾರ ಹೊರುವವರು ನೀವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದಂತಾಯಿತು. ನಮ್ಮ ಸರ್ವರ್ ಎಲ್ಲರನ್ನೂ ಹೀಗೆ ವಿಚಾರಿಸುತ್ತಾ ಹೋದರೆ ಇನ್ನೊಬ್ಬರಿಗೆ ನಾವು ಹಾಕುವ ಬರೆಯೂ ಇದೇ.

ಎಸ್‌ಎಂಟಿಪಿಯಲ್ಲಿ ವಿಳಾಸ ಇದೆಯೇ ಎಂದು ಕೇಳಲೆಂದೇ ‘ವಿಆರ್‌ಎಫ್‌ವೈ’ ಎಂಬ ಆದೇಶ ಮೊದಲಿನಿಂದಲೂ ಇದೆ. ಸ್ಪ್ಯಾಮ್ ಕಳುಹಿಸುವವರು ಅದನ್ನು ವಿಳಾಸ ಗುಡ್ಡೆ ಹಾಕಲು ಬಳಸಿಕೊಂಡಿದ್ದರಿಂದ ಎಷ್ಟೋ ಮಂದಿ ಅದನ್ನು ಮುಚ್ಚಿಟ್ಟರು. ಮುಂಬಾಗಿಲು ಮುಚ್ಚಿದವರ ಮನೆಗೆ ಹಿತ್ತಲಿಂದ ಬಂದು ಅದೇ ಪ್ರಶ್ನೆ ಕೇಳುವುದೇ ಕಾಲ್‌ಔಟ್ ಎಂಬುದು ಹಲವರ ತಕರಾರು. ಅದರಲ್ಲಿ ಹುರುಳಿದೆ. ‘ಆರ್‌ಸಿಪಿಟಿ ಟು’ವರೆಗೆ ಬಂದು ಏನನ್ನೂ ಕೊಡದೆ ಹೊರಟುಹೋಗುವ ಸಂಪರ್ಕಗಳು ವಿಳಾಸ ಕದಿಯುವವರ ವರ್ತನೆಯಂತೆಯೇ ಕಾಣುತ್ತವೆ. ದೊಡ್ಡ ಪ್ರಮಾಣದಲ್ಲಿ ಹೀಗೆ ಮಾಡುವ ಸರ್ವರ್‌ಗಳನ್ನು ಕಪ್ಪುಪಟ್ಟಿಗೆ ಹಾಕುವ ಸೇವೆಗಳೂ ಇವೆ. ‘ಬ್ಯಾಕ್‌ಸ್ಕ್ಯಾಟರರ್’ ಎಂಬ ಪಟ್ಟಿ ಅಂಥದ್ದು. ಸ್ಪ್ಯಾಮ್ ತಡೆಯಲು ಹೋಗಿ ನೀವೇ ಪಟ್ಟಿಗೆ ಸೇರಿದರೆ ನಿಮ್ಮ ಬಳಕೆದಾರರ ಸಂದೇಶಗಳು ಹೊರಗೆ ಹೋಗುವುದೇ ಕಷ್ಟವಾಗುತ್ತದೆ.

ಇಷ್ಟಾದರೂ ಉತ್ತರ ನಂಬುವಂಥದ್ದಾಗಿರುತ್ತದೆಯೇ? ಅದೂ ಖಾತ್ರಿಯಿಲ್ಲ. ಯಾವ ಹೆಸರು ಕೇಳಿದರೂ 250 ಎನ್ನುವ ಡೊಮೇನ್‌ಗಳಿವೆ. ಗ್ರೇಲಿಸ್ಟಿಂಗ್ ಬಳಸುವ ಸರ್ವರ್‌ಗಳು ಮೊದಲ ಸಲ ಬಂದವರಿಗೆಲ್ಲ ‘ಆಮೇಲೆ ಬನ್ನಿ’ ಎಂಬ ತಾತ್ಕಾಲಿಕ ಉತ್ತರ ಕೊಡುತ್ತವೆ. ಕದ್ದ ವಿಳಾಸವಾದರೆ ಅದು ನಿಜಕ್ಕೂ ಇರುವ ವಿಳಾಸ, ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ.

ಹಾಗಾದರೆ ಇದನ್ನು ಎಲ್ಲಿ ಬಳಸಬೇಕು? ಪದೇ ಪದೇ ನಕಲಿಯಾಗುವ ಕೆಲವೇ ಡೊಮೇನ್‌ಗಳಿಗೆ. ಹೆಜ್ಜೆ 1ರಲ್ಲಿ ಮಾಡಿದ ಎಣಿಕೆ ಈಗ ಕೆಲಸಕ್ಕೆ ಬರುತ್ತದೆ. ಯಾವ ಡೊಮೇನಿನ ಹೆಸರಿನಲ್ಲಿ ಇಲ್ಲದ ಬಳಕೆದಾರರ ಹೆಸರು ಹೊತ್ತು ಕಸ ಬರುತ್ತಿದೆಯೋ, ಡಿಮಾರ್ಕ್‌ನಿಂದ ಅದು ಸಿಕ್ಕಿಬೀಳುತ್ತಿಲ್ಲವೋ, ಅಂಥವನ್ನು ಮಾತ್ರ ಆರಿಸಿ.

ಕೆಲಸ ಹೀಗೆ. ‘ಸೆಂಡರ್ ಆಕ್ಸೆಸ್’ ಎಂಬ ಹೆಸರಿನ ಫೈಲೊಂದನ್ನು ಮಾಡಿ. ಒಂದೊಂದು ಸಾಲಿನಲ್ಲಿ ಎಡಗಡೆ ಡೊಮೇನ್, ಬಲಗಡೆ ‘ರಿಜೆಕ್ಟ್ ಅನ್‌ವೆರಿಫೈಡ್ ಸೆಂಡರ್’ ಎಂದು ಬರೆಯಿರಿ. ‘ಪೋಸ್ಟ್‌ಮ್ಯಾಪ್’ ಆದೇಶದಿಂದ ಅದನ್ನು ಕೋಷ್ಟಕವಾಗಿಸಿ. ಹೆಜ್ಜೆ 3ರ ಪಟ್ಟಿಯ ಕೊನೆಗೆ ‘ಚೆಕ್ ಸೆಂಡರ್ ಆಕ್ಸೆಸ್’ ಎಂದು ಬರೆದು ಈ ಕೋಷ್ಟಕವನ್ನು ತೋರಿಸಿ. ‘ಪೋಸ್ಟ್‌ಫಿಕ್ಸ್ ಚೆಕ್’ ಕೊಟ್ಟು ತಪ್ಪೇನಾದರೂ ಇದೆಯೇ ನೋಡಿ, ಆಮೇಲೆ ‘ಪೋಸ್ಟ್‌ಫಿಕ್ಸ್ ರೀಲೋಡ್’ ಕೊಡಿ.

ಕೇಳಿದ ಉತ್ತರಗಳನ್ನು ಪೋಸ್ಟ್‌ಫಿಕ್ಸ್ ನೆನಪಿಟ್ಟುಕೊಳ್ಳುತ್ತದೆ. ‘ಇದ್ದಾರೆ’ ಎಂಬ ಉತ್ತರವನ್ನು 31 ದಿನ ಇಟ್ಟುಕೊಳ್ಳುತ್ತದೆ, 7 ದಿನ ದಾಟಿದ್ದರೆ ಹೊಸದಾಗಿ ಕೇಳಿ ನೋಡುತ್ತದೆ. ‘ಇಲ್ಲ’ ಎಂಬುದನ್ನು 3 ದಿನ ಇಟ್ಟುಕೊಂಡು, 3 ಗಂಟೆ ದಾಟಿದ್ದರೆ ಮತ್ತೆ ಕೇಳುತ್ತದೆ. ಈ ಅವಧಿಗಳನ್ನು ಕಡಿಮೆ ಮಾಡಬೇಡಿ, ಮಾಡಿದರೆ ಎದುರಿನವರ ಬಾಗಿಲು ಇನ್ನಷ್ಟು ಸಲ ತಟ್ಟಿದಂತಾಗುತ್ತದೆ. 2.7ನೇ ಆವೃತ್ತಿಯಿಂದ ಈ ನೆನಪು ಡಿಸ್ಕ್‌ನಲ್ಲೇ ಇರುತ್ತದೆ. ಅದಕ್ಕಿಂತ ಹಳೆಯದಾದರೆ ಸರ್ವರ್ ಮರಳಿ ಶುರುವಾದಾಗಲೆಲ್ಲ ಎಲ್ಲ ಅಳಿಸಿಹೋಗಿ ಮೊದಲಿನಿಂದ ವಿಚಾರಣೆ ಆರಂಭವಾಗುತ್ತದೆ. ‘ಅಡ್ರೆಸ್ ವೆರಿಫೈ ಮ್ಯಾಪ್’ ಎಂಬ ಸೆಟ್ಟಿಂಗ್‌ನಲ್ಲಿ ಒಂದು ಫೈಲನ್ನು ತೋರಿಸಿ ಇದನ್ನು ಸರಿಪಡಿಸಬಹುದು.

ಪ್ರೋಬ್ ಯಾರ ಹೆಸರಿನಲ್ಲಿ ಹೋಗಬೇಕು ಎಂಬುದೂ ನಿಮ್ಮ ಕೈಯಲ್ಲಿದೆ. ಮೇಲಿನ ಮಾತುಕತೆಯಲ್ಲಿ ಖಾಲಿ ವಿಳಾಸ ತೋರಿಸಿದ್ದೇನೆ, ಎಕ್ಸಿಮ್ ಮಾಡುವುದು ಹಾಗೆಯೇ. ಪೋಸ್ಟ್‌ಫಿಕ್ಸ್ ಮಾತ್ರ ತಾನಾಗಿಯೇ ‘ಡಬಲ್ ಬೌನ್ಸ್’ ಎಂಬ ವಿಶೇಷ ವಿಳಾಸವನ್ನು ಬಳಸುತ್ತದೆ. ಅದನ್ನು ಬದಲಿಸಿ ನಿಮ್ಮವರಲ್ಲಿ ಯಾರದಾದರೂ ಸಾಮಾನ್ಯ ವಿಳಾಸವನ್ನು ಹಾಕಬೇಡಿ. ಎದುರಿನವರೂ ಇದೇ ಪರೀಕ್ಷೆ ಮಾಡುತ್ತಿದ್ದರೆ ‘ನೀನು ಇದ್ದೀಯಾ’ ಎಂದು ಅವರು, ‘ಕೇಳುತ್ತಿರುವ ನೀನು ಇದ್ದೀಯಾ’ ಎಂದು ಇವರು, ವಿಚಾರಣೆ ಸುತ್ತು ಹೊಡೆಯುತ್ತದೆ.

ಒಂದು ವಿಳಾಸವನ್ನು ಕೈಯಾರೆ ಪರೀಕ್ಷಿಸಿ ನೋಡಬೇಕೆಂದರೆ ‘ಸೆಂಡ್‌ಮೇಲ್ -ಬಿವಿ’ ಎಂದು ಬರೆದು ಮುಂದೆ ಆ ವಿಳಾಸ ಕೊಡಿ. ಯಾರಿಗೂ ಸಂದೇಶ ಹೋಗುವುದಿಲ್ಲ, ವಿಳಾಸ ತಲುಪಬಲ್ಲದೇ ಎಂಬ ವರದಿ ನಿಮ್ಮ ಪೆಟ್ಟಿಗೆಗೆ ಬರುತ್ತದೆ.

ಎಕ್ಸಿಮ್ ಬಳಸುವವರು ‘ಆರ್‌ಸಿಪಿಟಿ’ ಹಂತದ ಎಸಿಎಲ್‌ನಲ್ಲಿ, ಎಂದರೆ ಅನುಮತಿ ನಿಯಮಗಳ ಪಟ್ಟಿಯಲ್ಲಿ, ‘ವೆರಿಫೈ = ಸೆಂಡರ್/ಕಾಲ್‌ಔಟ್’ ಎಂಬ ಷರತ್ತನ್ನು ಹಾಕುತ್ತಾರೆ. ಇಲ್ಲಿಯೂ ಆಯ್ದ ಡೊಮೇನ್‌ಗಳಿಗೆ ಮಾತ್ರ ಅನ್ವಯಿಸುವಂತೆ ‘ಸೆಂಡರ್ ಡೊಮೇನ್ಸ್’ ಷರತ್ತನ್ನು ಅದರ ಮುಂದೆ ಇಡಿ. ಜೊತೆಗೆ ‘ಡಿಫರ್ ಓಕೆ’ ಸೇರಿಸುವುದು ಕ್ಷೇಮ: ಎದುರಿನ ಸರ್ವರ್ ಸಿಗದಿದ್ದರೆ ಅಥವಾ ಸ್ಪಷ್ಟ ಉತ್ತರ ಕೊಡದಿದ್ದರೆ ಸಂದೇಶವನ್ನು ಒಳಗೆ ಬಿಡುತ್ತದೆ. ಎಕ್ಸಿಮ್‌ನ ನೆನಪು ಪೋಸ್ಟ್‌ಫಿಕ್ಸ್‌ನದಕ್ಕಿಂತ ಚಿಕ್ಕದು. ಒಂದು ವಿಳಾಸಕ್ಕೆ ‘ಇದ್ದಾರೆ’ ಎಂಬುದು 24 ಗಂಟೆ, ‘ಇಲ್ಲ’ ಎಂಬುದು 2 ಗಂಟೆ ಉಳಿಯುತ್ತದೆ. ಇವನ್ನು ಹೆಚ್ಚಿಸಿಕೊಳ್ಳುವುದು ಒಳ್ಳೆಯದು.

ಹೆಜ್ಜೆ 6: ತಡೆಯುವ ಮೊದಲು ಬರೀ ಎಚ್ಚರಿಕೆ

ಯಾವ ಹೊಸ ನಿಯಮಕ್ಕಾದರೂ ಮುಂದೆ ‘ವಾರ್ನ್ ಇಫ್ ರಿಜೆಕ್ಟ್’ ಎಂದು ಬರೆದರೆ ಪೋಸ್ಟ್‌ಫಿಕ್ಸ್ ಸಂದೇಶವನ್ನು ತಡೆಯುವುದಿಲ್ಲ. ತಡೆಯುತ್ತಿದ್ದೆ ಎಂದು ಲಾಗ್‌ನಲ್ಲಿ ‘ರಿಜೆಕ್ಟ್ ವಾರ್ನಿಂಗ್’ ಎಂಬ ಸಾಲು ಬರೆಯುತ್ತದೆ ಅಷ್ಟೇ. ಪ್ರೋಬ್‌ಗಳಿಗೆ ಇದರಿಂದ ಇನ್ನೊಂದು ಲಾಭವಿದೆ: ತಡೆಯಲು ಶುರುಮಾಡುವ ಹೊತ್ತಿಗೆ ನೆನಪಿನ ಕೋಷ್ಟಕ ಅರ್ಧ ತುಂಬಿರುತ್ತದೆ. ಕನಿಷ್ಠ ಎರಡು ವಾರ ಹೀಗೆಯೇ ಓಡಿಸಿ. ತಿಂಗಳಿಗೊಮ್ಮೆ ಬರುವ ಬಿಲ್‌ಗಳು, ವರದಿಗಳು ಯಾವ ವಿಳಾಸದಿಂದ ಬರುತ್ತವೆ ಎಂದು ತಿಳಿಯಬೇಕಾದರೆ ಒಂದು ತಿಂಗಳು.

ಲಾಗ್‌ನಲ್ಲಿ ಎರಡು ಬಗೆಯ ಸಾಲುಗಳನ್ನು ಬೇರ್ಪಡಿಸಿ ನೋಡಿ. 4.1.7 ಎಂಬ ಸಂಕೇತದ ಜೊತೆ ‘ಅನ್‌ಡೆಲಿವರಬಲ್ ಅಡ್ರೆಸ್’ ಎಂದಿದ್ದರೆ ಎದುರಿನ ಸರ್ವರ್ ‘ಇಲ್ಲ’ ಎಂದು ಹೇಳಿದೆ. ಅದೇ ಸಾಲಿನ ಕೊನೆಯಲ್ಲಿ ಆ ಸರ್ವರ್ ಹೇಳಿದ ಮಾತೂ ಇರುತ್ತದೆ, ಅದನ್ನು ಓದದೆ ಬಿಡಬೇಡಿ. 5.1.1 ಎಂದಿದ್ದರೆ ಬಳಕೆದಾರರಿಲ್ಲ ಎಂದರ್ಥ. ನಿಮ್ಮ ಐಪಿ ವಿಳಾಸ ಕಪ್ಪುಪಟ್ಟಿಯಲ್ಲಿದೆ ಎಂಬ ಕಾರಣಕ್ಕೂ ‘ಇಲ್ಲ’ ಬಂದಿರಬಹುದು, ಅದು ಕಳುಹಿಸಿದವರ ತಪ್ಪಲ್ಲ. ‘ಅನ್‌ವೆರಿಫೈಡ್ ಅಡ್ರೆಸ್’ ಎಂದಿದ್ದರೆ ಉತ್ತರ ಇನ್ನೂ ಸಿಕ್ಕಿಲ್ಲ. ಪೋಸ್ಟ್‌ಫಿಕ್ಸ್ 3 ಸೆಕೆಂಡಿನ ಅಂತರದಲ್ಲಿ 3 ಸಲ ನೋಡಿ, ಆಗಲೂ ಉತ್ತರ ಇಲ್ಲದಿದ್ದರೆ ಸಂದೇಶ ತಂದವರಿಗೆ 450 ಹೇಳುತ್ತದೆ. ಸಾಚಾ ಸರ್ವರ್ ಸ್ವಲ್ಪ ಹೊತ್ತಿನ ನಂತರ ಮತ್ತೆ ಬರುತ್ತದೆ, ಅಷ್ಟರಲ್ಲಿ ಉತ್ತರ ಕೋಷ್ಟಕದಲ್ಲಿರುತ್ತದೆ.

ತಪ್ಪಾಗಿ ಸಿಕ್ಕಿಬಿದ್ದ ಸಾಚಾ ವಿಳಾಸಗಳನ್ನು ಅದೇ ‘ಸೆಂಡರ್ ಆಕ್ಸೆಸ್’ ಫೈಲಿಗೆ ಪೂರ್ಣ ವಿಳಾಸವಾಗಿ ಸೇರಿಸಿ, ಬಲಗಡೆ ‘ಓಕೆ’ ಎಂದು ಬರೆಯಿರಿ. ಡೊಮೇನ್‌ಗಿಂತ ಪೂರ್ಣ ವಿಳಾಸವನ್ನು ಪೋಸ್ಟ್‌ಫಿಕ್ಸ್ ಮೊದಲು ಹುಡುಕುವುದರಿಂದ ಸಾಲುಗಳ ಕ್ರಮ ಹೇಗಿದ್ದರೂ ನಡೆಯುತ್ತದೆ. ಅದರ ಮೇಲೆ ಬೇರೆಯೇ ಸಾಲಿನಲ್ಲಿ, # ಹಾಕಿ, ಟಿಪ್ಪಣಿಯಾಗಿ ದಿನಾಂಕ ಮತ್ತು ಕಾರಣ ಬರೆದಿಡಿ. ಆರು ತಿಂಗಳ ನಂತರ ಆ ಸಾಲು ಏಕಿದೆ ಎಂದು ನಿಮಗೇ ನೆನಪಿರುವುದಿಲ್ಲ, ತೆಗೆಯಲು ಕೈ ಬರುವುದಿಲ್ಲ.

ಎಚ್ಚರಿಕೆಯ ಅವಧಿ ಮುಗಿದು ‘ವಾರ್ನ್ ಇಫ್ ರಿಜೆಕ್ಟ್’ ತೆಗೆದ ಮೇಲೂ ಪ್ರೋಬ್ ನಿಯಮ ಕೊಡುವುದು 450 ಎಂಬ ತಾತ್ಕಾಲಿಕ ನಿರಾಕರಣೆಯನ್ನೇ. ಪೋಸ್ಟ್‌ಫಿಕ್ಸ್ ಬರೆದವರು ಬೇಕೆಂದೇ ಹಾಗೆ ಇಟ್ಟಿದ್ದಾರೆ. ಕೆಲವು ವಾರ ತಪ್ಪು ಕಾಣದಿದ್ದರೆ ‘ಅನ್‌ವೆರಿಫೈಡ್ ಸೆಂಡರ್ ರಿಜೆಕ್ಟ್ ಕೋಡ್’ ಅನ್ನು 550 ಮಾಡಿ. ಇದನ್ನು ಮಾಡಲು ಆತುರ ಬೇಡ. ಆದರೆ ಮಾಡದೆ ಬಿಟ್ಟರೂ ಸರಿಯಲ್ಲ, ತಪ್ಪು ವಿಳಾಸ ಹಾಕಿಕೊಂಡ ಸಾಚಾ ಕಳುಹಿಸುಗರಿಗೆ ತಮ್ಮ ಸಂದೇಶ ನಿಂತಿದೆ ಎಂದು ತಿಳಿಯುವುದೇ ದಿನಗಟ್ಟಲೆ ತಡವಾಗುತ್ತದೆ.

ಹೆಜ್ಜೆ 7: ತಡೆದವರಿಗೆ ನಿಮ್ಮನ್ನು ತಲುಪಲು ದಾರಿ

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಒಳ್ಳೆಯವರು ಒಬ್ಬಿಬ್ಬರಾದರೂ ಹೊರಗೆ ಉಳಿಯುತ್ತಾರೆ. ಅವರು ದೂರು ಹೇಳಲು ಬರೆಯುವ ಸಂದೇಶವೂ ಅದೇ ನಿಯಮಕ್ಕೆ ಸಿಕ್ಕಿಬಿದ್ದರೆ ಅವರಿಗೆ ಬೇರೆ ದಾರಿಯಿಲ್ಲ. ಆರ್‌ಎಫ್‌ಸಿ 5321ರ ಪ್ರಕಾರ ಇಮೇಲ್ ಸ್ವೀಕರಿಸುವ ಸರ್ವರ್‌ನಲ್ಲಿ ‘ಪೋಸ್ಟ್‌ಮಾಸ್ಟರ್’ ಎಂಬ ಪೆಟ್ಟಿಗೆ ಇರಲೇಬೇಕು. ಆ ಪೆಟ್ಟಿಗೆಯನ್ನು ಈ ಪರೀಕ್ಷೆಗಳಿಂದ ಹೊರಗಿಡಿ.

ಅದಕ್ಕೆ ‘ಚೆಕ್ ರೆಸಿಪಿಯೆಂಟ್ ಆಕ್ಸೆಸ್’ ನಿಯಮವನ್ನು ‘ಸೆಂಡರ್ ರಿಸ್ಟ್ರಿಕ್ಷನ್ಸ್’ ಪಟ್ಟಿಯಲ್ಲೇ, ತಡೆಯುವ ನಿಯಮಗಳಿಗಿಂತ ಮೊದಲು ಇಡಬೇಕು. ಅದು ತೋರಿಸುವ ಕೋಷ್ಟಕದಲ್ಲಿ ‘ಪೋಸ್ಟ್‌ಮಾಸ್ಟರ್@’ ಎಂದು ಬರೆದು ಮುಂದೆ ‘ಓಕೆ’ ಎನ್ನಿ. ಪಡೆಯುವವರ ವಿಳಾಸ ಬರುವುದು ಕಳುಹಿಸುವವರ ವಿಳಾಸದ ನಂತರವಲ್ಲವೇ, ಹಾಗಿರುವಾಗ ಈ ಪಟ್ಟಿಯಲ್ಲಿ ಅದನ್ನು ನೋಡುವುದು ಹೇಗೆ ಎಂಬ ಪ್ರಶ್ನೆ ಏಳಬಹುದು. ‘ಎಸ್‌ಎಂಟಿಪಿಡಿ ಡಿಲೇ ರಿಜೆಕ್ಟ್’ ತಾನಾಗಿಯೇ ‘ಯೆಸ್’ ಆಗಿರುವುದರಿಂದ ಪೋಸ್ಟ್‌ಫಿಕ್ಸ್ ತೀರ್ಪನ್ನು ‘ಆರ್‌ಸಿಪಿಟಿ ಟು’ ಬರುವವರೆಗೆ ತಡೆಹಿಡಿದಿರುತ್ತದೆ, ಆದ್ದರಿಂದ ಆಗುತ್ತದೆ. ಈ ಪಟ್ಟಿಯಲ್ಲಿ ಕೊಟ್ಟ ‘ಓಕೆ’ ಈ ಪಟ್ಟಿಗೆ ಮಾತ್ರ ಅನ್ವಯ, ರಿಲೇ ನಿಯಮಗಳ (ಯಾರ ಸಂದೇಶವನ್ನು ಹೊರಗಿನವರಿಗೆ ಸಾಗಿಸಬಹುದು ಎಂಬ ನಿಯಮಗಳ) ಪಟ್ಟಿ ಬೇರೆಯಾಗಿಯೇ ಓದಲ್ಪಡುತ್ತದೆ. ಹಾಗಾಗಿ ಇದರಿಂದ ನಿಮ್ಮ ಸರ್ವರ್ ಕಂಡಕಂಡವರಿಗೆ ತೆರೆದುಕೊಳ್ಳುವ ಭಯವಿಲ್ಲ.

ಕೊನೆಗೆ ನಿರಾಕರಣೆಯ ಮಾತು. ‘ಅನ್‌ವೆರಿಫೈಡ್ ಸೆಂಡರ್ ರಿಜೆಕ್ಟ್ ರೀಸನ್’ ಎಂಬ ಸೆಟ್ಟಿಂಗ್‌ನಲ್ಲಿ ನಿಮ್ಮದೇ ವಾಕ್ಯವನ್ನು ಹಾಕಬಹುದು. ಅಲ್ಲಿ ಇಂಗ್ಲಿಷಿನಲ್ಲಿ, ಸಾಮಾನ್ಯ ಓದುಗರಿಗೆ ತಿಳಿಯುವಂತೆ ‘ನಿಮ್ಮ ಕಳುಹಿಸುವ ವಿಳಾಸಕ್ಕೆ ಉತ್ತರ ತಲುಪುತ್ತಿಲ್ಲ, ಸಹಾಯಕ್ಕೆ ಪೋಸ್ಟ್‌ಮಾಸ್ಟರ್‌ಗೆ ಬರೆಯಿರಿ’ ಎಂಬರ್ಥದ ಒಂದು ಸಾಲು ಬರೆದಿಡಿ. ಆಮೇಲೆ ಹೊರಗಿನ ಬೇರೊಂದು ಖಾತೆಯಿಂದ ಪೋಸ್ಟ್‌ಮಾಸ್ಟರ್‌ಗೆ ಒಂದು ಸಂದೇಶ ಕಳುಹಿಸಿ, ಅದು ನಿಜಕ್ಕೂ ಯಾರಾದರೂ ದಿನವೂ ತೆರೆದು ನೋಡುವ ಪೆಟ್ಟಿಗೆಗೆ ಬಂದು ಬೀಳುತ್ತದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.